ಕ್ಯಾಂಪಿಂಗ್ ಬುತ್ತಿ: ಯಾವುದು ಮೂರು ದಿನ ಬರುತ್ತೆ, ಯಾವುದು ಮೂರು ತಾಸೂ ಬರಲ್ಲ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಗದಗ-ಬೆಟಗೇರಿಯವರು. ಏಪ್ರಿಲ್ ಕೊನೆಯ ವಾರ ನಮ್ಮ ಮನೆಯವರು, ಹುಬ್ಬಳ್ಳಿಯ ನನ್ನ ತಂಗಿ ಮನೆಯವರು ಸೇರಿ ಒಂಬತ್ತು ಮಂದಿ ಗಣೇಶಗುಡಿ ಹತ್ತಿರ ಒಂದು ಖಾಸಗಿ ಜಮೀನಿನಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಇರಬೇಕು ಅಂತ ಮಾಡಿದ್ದೇವೆ. ಅಲ್ಲಿ ಫ್ರಿಜ್ ಇಲ್ಲ. ಸಣ್ಣ ಗ್ಯಾಸ್ ಒಲೆ ಹಚ್ಚಲು ಬಿಡುತ್ತಾರೆ. ರಜೆ ಅಂತ ಹೋಗಿ ಅಲ್ಲೂ ಒಲೆ ಮುಂದೆ ನಿಲ್ಲೋದು ಬೇಡ, ಆದಷ್ಟು ಮನೆಯಲ್ಲೇ ಮಾಡಿಕೊಂಡು ಹೋಗೋಣ ಅನ್ನೋದು ನಮ್ಮಿಬ್ಬರ ಆಸೆ. ಆದರೆ ಹೋದ ವರ್ಷದ ಮೇ ತಿಂಗಳ ಪ್ರವಾಸದ ಹೆದರಿಕೆ ಇನ್ನೂ ಹೋಗಿಲ್ಲ. ಆಗ ಹಿಂದಿನ ರಾತ್ರಿ ಒಂಬತ್ತಕ್ಕೆ ಕುಕ್ಕರಿನಲ್ಲಿ ಅನ್ನ ಮಾಡಿ ಮುಚ್ಚಿಟ್ಟಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಒಗ್ಗರಣೆ ಹಾಕಿ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಉಂಡೆವು. ವಾಸನೆ, ರುಚಿ ಎಲ್ಲ ಸರಿಯಾಗೇ ಇತ್ತು. ಮೂರೂವರೆ ಹೊತ್ತಿಗೆ ಇಬ್ಬರು ಮಕ್ಕಳಿಗೆ, ನಮ್ಮ ಮೈದುನನಿಗೆ ವಾಂತಿ ಶುರುವಾಯಿತು. ಮರುದಿನ ಬೆಳಗ್ಗೆ ಎಲ್ಲರೂ ಆರಾಮಾದರು. ಒಬ್ಬರು ಬಿಸಿಲು ಬಡಿದಿದೆ ಅಂದರು, ಒಬ್ಬರು ಸೌತೆಕಾಯಿ ಮೇಲೆ ಹಾಕಿದರು.

ಈ ಸಲ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆಯವರು, “ನಾವು ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕ ಹೋದಾಗ ವಾರದ ಬುತ್ತಿ ಒಯ್ತಿದ್ದಿವಿ, ಯಾರಿಗೇನಾಗಿತ್ತು?” ಅಂತಾರೆ. ತಂಗಿ ಎಲ್ಲ ಮಾಡಿ ಫ್ರೀಜರಿಗೆ ಹಾಕಿ ಐಸ್ ಬಾಕ್ಸಿನಲ್ಲಿ ಒಯ್ಯೋಣ ಅಂತಾಳೆ. ನಮ್ಮ ಯಜಮಾನರು ಗಾಳಿ ತೆಗೆದು ಪ್ಯಾಕ್ ಮಾಡುವ ಮೆಷಿನ್ ತರಿಸಿದ್ದಾರೆ. ಬೇಳೆ, ಪಲ್ಯ ಎಲ್ಲ ಅದರಲ್ಲಿ ಪ್ಯಾಕ್ ಮಾಡಿದರೆ ಮೂರು ದಿನ ಏನೂ ಆಗಲ್ಲ ಅನ್ನೋದು ಅವರ ಲೆಕ್ಕ. ಜೊತೆಗೆ ನಾಲ್ಕು ವರ್ಷದ ಮಗು ಇದೆ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವ ಮಾವ ಇದ್ದಾರೆ. ಯಾರ ಮಾತು ಕೇಳಲಿ? ಇನ್ನೊಂದು, ಮೊಟ್ಟೆ ಬೇಯಿಸಿ ಒಯ್ಯಬಹುದಾ?

ಉತ್ತರ: ಮೊದಲು ಸೌತೆಕಾಯಿಯನ್ನು ಬಿಟ್ಟುಬಿಡಿ, ಪಾಪ. ಬಿಸಿಲನ್ನೂ ಬಿಡಿ. ನೀವು ಗಂಟೆ ಸಮೇತ ಬರೆದಿರುವುದರಿಂದ ನನ್ನ ಕೆಲಸ ಸುಲಭವಾಯಿತು. ಉಂಡ ಮೂರು ತಾಸಿಗೆ ವಾಂತಿ, ಒಟ್ಟಿಗೆ ಮೂವರಿಗೆ, ಒಂದು ದಿನದೊಳಗೆ ಆರಾಮು. ಇದರ ಜೊತೆ ರಾತ್ರಿಯಿಡೀ ಕುಕ್ಕರಿನಲ್ಲಿ ಕೂತ ಅನ್ನ. ದೂರದಲ್ಲಿ ಕೂತು ರೋಗ ಇಂಥದ್ದೇ ಅಂತ ಹೇಳಲು ಬರುವುದಿಲ್ಲ. ಆದರೆ ಆಹಾರ ವಿಜ್ಞಾನ ಕಲಿಸುವವರು ಯಾರೇ ಇದನ್ನು ಓದಿದರೂ ಮೊದಲು ಬೆರಳು ತೋರಿಸುವುದು ಆ ಅನ್ನದ ಕಡೆಗೇ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚ ಹೊದ್ದು ಮಲಗಿದ ಬೀಜದಂಥ ರೂಪಗಳು, ಇರುತ್ತವೆ. ಹೊಲದ ಮಣ್ಣಿನಿಂದ ಬಂದವು. ತೊಳೆದರೆ ಪೂರ್ತಿ ಹೋಗುವುದಿಲ್ಲ, ನೀರು ಕುದಿಸಿದರೆ ಸಾಯುವುದಿಲ್ಲ. ಕುಕ್ಕರಿನ ಮೂರು ಸೀಟಿಯಲ್ಲೂ ಕೆಲವು ಉಳಿಯಬಹುದು. ಬಿಸಿ ಇರುವವರೆಗೆ ಸುಮ್ನೆ ಕೂತಿರುತ್ತವೆ. ಅನ್ನ ಉಗುರು ಬೆಚ್ಚಗಾದಾಗ ಮೊಳೆತು, ಬೆಳೆದು, ಒಂದು ವಿಷವನ್ನು ಬಿಡುತ್ತವೆ. ಇಡೀ ಮನೆಮಂದಿಯ ಅನ್ನ ಮುಚ್ಚಿದ ಕುಕ್ಕರಿನಲ್ಲಿ, ಮೇ ತಿಂಗಳ ಸೆಕೆಯಲ್ಲಿ, ಎಷ್ಟು ಹೊತ್ತಿಗೆ ಆರುತ್ತದೆ ಹೇಳಿ? ಮೇಲೆ ಮುಟ್ಟಿದರೆ ತಣ್ಣಗೆ ಅನಿಸುತ್ತದೆ. ನಡುವೆ ಸೌಟು ಹಾಕಿ ನೋಡಿದರೆ ನಡುರಾತ್ರಿಯಲ್ಲೂ ಬೆಚ್ಚಗೇ ಇರುತ್ತದೆ.

ಮುಂದಿನದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆ ವಿಷ ಬಿಸಿಗೆ ಹಾಳಾಗುವುದಿಲ್ಲ. 121 ಡಿಗ್ರಿಯಲ್ಲಿ ಒಂದೂವರೆ ತಾಸು ಇಟ್ಟರೂ ಉಳಿಯುತ್ತದೆ. ನೀವು ಬೆಳಗ್ಗೆ ಎಷ್ಟೇ ಕಾಯಿಸಿದ ಒಗ್ಗರಣೆ ಹಾಕಿದರೂ ಅದಕ್ಕೆ ಏನೂ ಆಗಲ್ಲ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ರುಚಿಯೂ ಇಲ್ಲ. ಹಾಗಾಗಿ ವಾಸನೆ ಸರಿ ಇತ್ತು ಅನ್ನುವ ಮಾತು ನಿಜವೇ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಹಳಸಿದ ವಾಸನೆ ಕೊಡುವ ಸೂಕ್ಷ್ಮಜೀವಿಗಳು ಬೇರೆ, ಹೊಟ್ಟೆ ಕೆಡಿಸುವವು ಬೇರೆ. ಎರಡೂ ಒಟ್ಟಿಗೆ ಬರಬೇಕು ಅಂತೇನಿಲ್ಲ.

ಎರಡನೇ ಅನುಮಾನ ಕೈ ಮೇಲೆ. ನಮ್ಮ ಚರ್ಮ, ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಬೆರಳಲ್ಲಿ ಸಣ್ಣ ಗಾಯ ಇದ್ದರಂತೂ ಜಾಸ್ತಿ. ಪರಾತದಲ್ಲಿ ಅನ್ನ ಹಾಕಿ ಕೈಯಿಂದ ಕಲಸಿ ಏಳೆಂಟು ತಾಸು ಬಿಟ್ಟರೆ ಅದೂ ಇದೇ ರೀತಿಯ ವಿಷ ಮಾಡುತ್ತದೆ, ಅದೂ ಬಿಸಿಗೆ ಜಗ್ಗದ್ದು. ಉಪಾಯ ಸಣ್ಣದು: ಬುತ್ತಿ ಅನ್ನವನ್ನು ಚಮಚದಲ್ಲೇ ಕಲಸಿ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರು ಹೇಳುವುದು ಬಹುಪಾಲು ನಿಜ. ಆದರೆ ಅವರ ಬುತ್ತಿಯಲ್ಲಿ ಏನಿತ್ತು ಅಂತ ಒಮ್ಮೆ ಕೂತು ಕೇಳಿ. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಒಣ ಚಟ್ನಿಪುಡಿಗಳು. ಮಾದಲಿ, ಉಂಡಿ, ಶೇಂಗಾ ಹೋಳಿಗೆ. ಇಡೀ ಉಳ್ಳಾಗಡ್ಡಿ, ಇಡೀ ಹಸಿಮೆಣಸಿನಕಾಯಿ, ಬೆಲ್ಲದ ಪೆಂಟೆ. ಮೊಸರನ್ನದ ಬುತ್ತಿ ಮೊದಲ ದಿನದ ಮೊದಲ ಊಟಕ್ಕೆ ಬಿಚ್ಚುತ್ತಿದ್ದರು. ಆಮೇಲೆ ದಾರಿಯಲ್ಲಿ ಮೂರು ಕಲ್ಲು ಹೂಡಿ ಬೇಳೆಯೋ ಜುಣಕವೋ ಮಾಡಿಕೊಳ್ಳುತ್ತಿದ್ದರು. ಚಿತ್ರಾನ್ನವನ್ನು ಯಾರೂ ಎರಡು ದಿನ ಇಟ್ಟು ಉಂಡಿಲ್ಲ. ಇನ್ನು “ಯಾರಿಗೇನಾಗಿತ್ತು” ಅನ್ನುವುದನ್ನು ಪೂರ್ತಿ ಒಪ್ಪಲು ಆಗುವುದಿಲ್ಲ. ಹಿಂದಿನ ಜಾತ್ರೆಗಳಲ್ಲಿ ಕಾಲರಾ ಹರಡುತ್ತಿತ್ತು. ಆದರೆ ಅದು ನೀರಿನಿಂದ, ರೊಟ್ಟಿಯಿಂದಲ್ಲ.

ಖಡಕ್ ರೊಟ್ಟಿ ತಿಂಗಳು ಕೆಡದೆ ಇರುವುದು, ಅನ್ನ ಅರ್ಧ ದಿನಕ್ಕೆ ಕೆಡುವುದು, ಎರಡಕ್ಕೂ ಕಾರಣ ನೀರು. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಅನ್ನುವುದಕ್ಕಿಂತ ಸೂಕ್ಷ್ಮಜೀವಿಯ ಕೈಗೆ ಸಿಗುವಂಥ ನೀರು ಎಷ್ಟಿದೆ ಅನ್ನುವುದು ಮುಖ್ಯ. ನಾವು ಅದನ್ನು 0ಯಿಂದ 1ರವರೆಗಿನ ಅಳತೆಯಲ್ಲಿ ನೋಡುತ್ತೇವೆ. ಅನ್ನ, ಬೇಳೆ, ಪಲ್ಯ ಹೆಚ್ಚು ಕಡಿಮೆ 1ರ ಹತ್ತಿರ ಇರುತ್ತವೆ. 0.85ಕ್ಕಿಂತ ಕೆಳಗೆ ಇಳಿದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಲಾರವು. ಬೂಷ್ಟು ಮಾತ್ರ ಬರಬಹುದು. 0.6ಕ್ಕಿಂತ ಕೆಳಗೆ ಬೂಷ್ಟೂ ಇಲ್ಲ. ಖಡಕ್ ರೊಟ್ಟಿ, ಒಣ ಹಿಂಡಿ, ಚಕ್ಕುಲಿ, ಕೋಡಬಳೆ ಈ ಕೆಳಗಿನ ಮೆಟ್ಟಿಲಲ್ಲಿ ಇರುವವು. ಬೆಲ್ಲ, ಸಕ್ಕರೆ, ಉಪ್ಪು ನೀರನ್ನು ಹಿಡಿದಿಟ್ಟು ಬಿಡದ ಕಾರಣ ಉಂಡಿ, ಮಾದಲಿ ಬಾಳುತ್ತವೆ. ಹೋಳಿಗೆಯಲ್ಲೇ ನೋಡಿ: ಶೇಂಗಾ ಹೋಳಿಗೆ ವಾರ ಬರುತ್ತದೆ, ಹೂರಣದ ಹೋಳಿಗೆ ಈ ಬಿಸಿಲಿಗೆ ಮರುದಿನಕ್ಕೇ ಅನುಮಾನ. ಒಂದರ ಒಳಗೆ ಹುರಿದ ಶೇಂಗಾ, ಇನ್ನೊಂದರ ಒಳಗೆ ಬೇಯಿಸಿದ ಬೇಳೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಮನೆಯಿಂದ ಒಣದ್ದನ್ನು ಒಯ್ಯಿರಿ, ನೀರನ್ನು ಅಲ್ಲೇ ಹಾಕಿ. ನೀರು ಬಿದ್ದ ಮೇಲೆ ಗಡಿಯಾರ ನೋಡಿ. ಪುಸ್ತಕದ ನಿಯಮ ಎರಡು ತಾಸು. ಹೊರಗೆ 32 ಡಿಗ್ರಿ ದಾಟಿದರೆ ಒಂದೇ ತಾಸು. ಏಪ್ರಿಲ್ ಮಧ್ಯಾಹ್ನ ಅಂದರೆ ಒಂದೇ ತಾಸು ಅಂತಲೇ ಇಟ್ಟುಕೊಳ್ಳಿ. ನೆರಳಿಲ್ಲದ ಕಡೆ ನಿಂತ ಕಾರಿನ ಡಿಕ್ಕಿಯಲ್ಲಂತೂ ಅದೂ ಇಲ್ಲ.

ಇದರ ನಡುವೆ ನಮ್ಮ ಕಡೆ ತುಂಬಾ ಕೇಳಿಬರುವ ಒಂದು ನಂಬಿಕೆ ಇದೆ: ಖಾರ ಜಾಸ್ತಿ ಹಾಕಿದರೆ ಕೆಡುವುದಿಲ್ಲ ಅಂತ. ನಾವು ತಿನ್ನುವಷ್ಟು ಖಾರ ಯಾವ ಬ್ಯಾಕ್ಟೀರಿಯಾವನ್ನೂ ತಡೆಯುವುದಿಲ್ಲ. ಅದರಲ್ಲೂ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಕಣದಲ್ಲಿ ಒಣಗಿ ಬಂದ ಖಾರದ ಪುಡಿ, ಅರಿಶಿನ ಪುಡಿ ತಾವೇ ಒಂದಿಷ್ಟು ಬೀಜಕಗಳನ್ನು ತರುತ್ತವೆ. ಹಿಂಡಿ ಬಾಳುವುದು ಒಣಗಿರುವುದರಿಂದ. ಅದೇ ಹಿಂಡಿಗೆ ಒದ್ದೆ ಚಮಚ ಹಾಕಿ ನೋಡಿ. ಮುಟ್ಟಿದ ಜಾಗದಲ್ಲಿ ಗಂಟು ಕಟ್ಟುತ್ತದೆ, ಎರಡು ಮೂರು ದಿನಕ್ಕೆ ಆ ಗಂಟಿಗೆ ಮಾತ್ರ ಬೇರೆ ವಾಸನೆ ಬರುತ್ತದೆ. ಡಬ್ಬಿಯ ಉಳಿದ ಹಿಂಡಿ ಹಾಗೇ ಇರುತ್ತದೆ. ಆದ್ದರಿಂದ ದೊಡ್ಡ ಡಬ್ಬಿ ಒಯ್ಯಬೇಡಿ. ಒಂದೊಂದು ಊಟಕ್ಕೆ ಆಗುವಷ್ಟನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ. ಅಗಸಿ ಹಿಂಡಿಯನ್ನು ಹೊರಡುವ ವಾರವೇ ಕುಟ್ಟಿ, ಅಗಸಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಶೇಂಗಾ ಆರಿಸುವಾಗ ಸುಕ್ಕುಗಟ್ಟಿದ, ಕಪ್ಪಾದ, ಬೂಷ್ಟು ಹಿಡಿದ ಕಾಳನ್ನು ಎಸೆಯಿರಿ. ಹುರಿದರೆ ಸರಿ ಹೋಗುತ್ತೆ ಅಂದುಕೊಳ್ಳಬೇಡಿ. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ.

ರೊಟ್ಟಿಯದು ಬೇರೆ ತಕರಾರು. ಗದಗಿನ ಒಣ ಹವೆಯಲ್ಲಿ ಖಡಕ್ಕಾಗಿ ಕೂರುವ ರೊಟ್ಟಿ ನೀವು ಹೋಗುವ ಜೋಯಿಡಾ ಕಡೆಯ ತೇವದ ಹವೆಗೆ ಒಂದು ರಾತ್ರಿ ತೆರೆದಿಟ್ಟರೆ ಸಾಕು, ಬಾಗುತ್ತದೆ, ಮುರಿಯುವುದಿಲ್ಲ. ಗಾಳಿಯ ನೀರನ್ನು ಕುಡಿದಿರುತ್ತದೆ. ಹಾಗೇ ಬಿಟ್ಟರೆ ಬೂಷ್ಟು. ಎಂಟು ಹತ್ತು ರೊಟ್ಟಿಯ ಕಟ್ಟು ಮಾಡಿ, ಪ್ರತಿ ಕಟ್ಟನ್ನೂ ಬಿಗಿಯಾಗಿ ಮುಚ್ಚಿ, ಊಟಕ್ಕೆ ಒಂದೇ ಕಟ್ಟು ಬಿಚ್ಚಿ. ಮೆತ್ತಗಾದದ್ದನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಇಟ್ಟರೆ ಮತ್ತೆ ಖಡಕ್ಕಾಗುತ್ತದೆ. ಹಳೇ ಪೇಪರಿನಲ್ಲಿ ಸುತ್ತಬೇಡಿ. ಮುದ್ರಣದ ಶಾಯಿಯ ಕಾರಣಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲೇ ಇದನ್ನು ಬಿಡಿ ಅಂತ ಹೇಳಿದೆ. ಒಗೆದು ಒಣಗಿಸಿದ ಹತ್ತಿ ಬಟ್ಟೆ ಸಾಕು. ಮಾವನವರಿಗೆ ಹಲ್ಲಿನ ತೊಂದರೆ ಇದ್ದರೆ ರೊಟ್ಟಿ ಮುರಿದು ಬಿಸಿ ಬೇಳೆಯಲ್ಲಿ ನೆನೆಸಿಕೊಡಿ.

ಚಪಾತಿಯನ್ನು ರೊಟ್ಟಿಯ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ನೀರು ಸಾಕಷ್ಟಿದೆ. ಹಾಲಿನಲ್ಲಿ ಕಲಸಿದರೆ ಜಾಸ್ತಿ ದಿನ ಬರುತ್ತೆ ಅನ್ನುತ್ತಾರಲ್ವಾ, ಅದು ಮೆತ್ತಗೆ ಉಳಿಯುತ್ತದೆ ಅಷ್ಟೆ. ಮೆತ್ತಗಿರುವುದೂ ಕೆಡದಿರುವುದೂ ಒಂದೇ ಅಲ್ಲ. ಒಂದು ದಿನಕ್ಕೆ ಮುಗಿಸಿ. ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು ಹಾಕಿದ ತಾಲಿಪಟ್ಟು, ದಪಾಟಿ ಇನ್ನೂ ಬೇಗ ಕೆಡುತ್ತವೆ. ಅವನ್ನು ಮೊದಲ ದಿನದ ದಾರಿಗೆ ಇಟ್ಟುಕೊಳ್ಳಿ. ಏನೇ ಮಾಡಿದರೂ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಬಿಸಿ ಚಪಾತಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ. ಆ ಹನಿ ಮೇಲಿನ ಚಪಾತಿಗೇ ಬೀಳುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದಲೇ.

ಹಾಗಾದರೆ ಅನ್ನ ಬೇಡವೇ ಬೇಡವಾ? ಬೇಕು, ಆದರೆ ಅಲ್ಲೇ ಮಾಡಿ. ಪುಳಿಯೋಗರೆ ಗೊಜ್ಜನ್ನು ಮನೆಯಲ್ಲಿ ಎಣ್ಣೆ ಬಿಡುವವರೆಗೆ ಕುದಿಸಿ ಒಯ್ಯಿರಿ. ಹುಣಸೆಹುಳಿ, ಉಪ್ಪು, ಬೆಲ್ಲ ಮೂರೂ ಸೇರಿರುವುದರಿಂದ ಅದು ಮೂರು ದಿನ ಆರಾಮಾಗಿ ಬರುತ್ತದೆ. ಒಂದು ಸೇರು ಅಕ್ಕಿ ಬೇಯಲು ಎಷ್ಟು ಹೊತ್ತು? ಬಿಸಿ ಅನ್ನಕ್ಕೆ ಗೊಜ್ಜು ಹಾಕಿ ಕಲಸಿ ಆಗಲೇ ಉಂಡುಬಿಡಿ. ಉಳಿದದ್ದನ್ನು ರಾತ್ರಿಗೆ ಅಂತ ಎತ್ತಿಡಬೇಡಿ. ದಾರಿ ಊಟಕ್ಕೆ ಅನ್ನವೇ ಬೇಕು ಅಂದರೆ ಅವತ್ತೇ ಬೆಳಗ್ಗೆ ಮಾಡಿ. ಕುಕ್ಕರಿನಿಂದ ತೆಗೆದು ಅಗಲವಾದ ಪರಾತದಲ್ಲಿ ತೆಳ್ಳಗೆ ಹರವಿ, ಫ್ಯಾನ್ ಕೆಳಗೆ ಇಡಿ. ಆರಿದ ಮೇಲೆ ಗೊಜ್ಜು ಧಾರಾಳವಾಗಿ ಹಾಕಿ. ಹುಳಿ ಚೆನ್ನಾಗಿ ಬಿದ್ದ ಅನ್ನಕ್ಕೆ ನಾನು ನಾಲ್ಕು ತಾಸಿನವರೆಗೆ ಧೈರ್ಯ ಮಾಡುತ್ತೇನೆ. ಚಿತ್ರಾನ್ನಕ್ಕೆ ಅಷ್ಟು ಬಿಡುವುದಿಲ್ಲ. ಎರಡು ನಿಂಬೆಹಣ್ಣಿನ ಹುಳಿ ಒಂಬತ್ತು ಮಂದಿಯ ಅನ್ನಕ್ಕೆ ಎಲ್ಲಿಗೂ ಸಾಲದು.

ಮೊಸರನ್ನದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ದಾರಿಯಲ್ಲಿ ಹುಳಿಯಾಗಬಾರದು ಅಂತ ನಾವು ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ ಹಾಕುತ್ತೇವೆ. ರುಚಿಗೆ ಇದು ಒಳ್ಳೆಯದು. ಆದರೆ ಅನ್ನವನ್ನು ಕಾಯುವುದು ಆ ಹುಳಿಯೇ. ಮೊಸರು ಕಡಿಮೆಯಾದರೆ ಹುಳಿ ಬರುವುದು ತಡ, ಅಷ್ಟರೊಳಗೆ ಬೇರೆಯವು ಬೆಳೆಯಬಹುದು. ಗಟ್ಟಿ ಮೊಸರು ಸಾಕಷ್ಟು ಹಾಕಿ, ಮಧ್ಯಾಹ್ನದೊಳಗೆ ಮುಗಿಸಿ. ಸ್ವಲ್ಪ ಹುಳಿಯಾದರೆ ಆಗಲಿ.

ನಿಮ್ಮ ಯಜಮಾನರ ಮೆಷಿನ್ ಬಗ್ಗೆ ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ಬಂದ ಮೂರು ಉಪಾಯಗಳಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ. ಗಾಳಿ ತೆಗೆದರೆ ಬೂಷ್ಟು ಬರುವುದಿಲ್ಲ, ಕಮಟು ಬರುವುದಿಲ್ಲ, ನಿಜ. ಆದರೆ ಗಾಳಿ ಇಲ್ಲದ ಜಾಗವೇ ಬೇಕು ಅನ್ನುವ ಬ್ಯಾಕ್ಟೀರಿಯಾಗಳೂ ಇವೆ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಬಹಳ ಕೆಟ್ಟದ್ದು. ಅದರ ಬೀಜಕವೂ ಕುದಿಯುವ ನೀರಿಗೆ ಸಾಯುವುದಿಲ್ಲ. ಅದು ಬೆಳೆಯಲು ತೇವ ಇರಬೇಕು, ಹುಳಿ ಇರಬಾರದು, ಗಾಳಿ ಇರಬಾರದು, ತಂಪಿರಬಾರದು. ಗಾಳಿ ತೆಗೆದು ಪ್ಯಾಕ್ ಮಾಡಿ ಡಿಕ್ಕಿಯಲ್ಲಿಟ್ಟ ಕಾಳುಪಲ್ಯ ಈ ನಾಲ್ಕನ್ನೂ ಪೂರೈಸುತ್ತದೆ. ಈ ಕಾಯಿಲೆ ಅಪರೂಪ, ಆದರೆ ಬಂದರೆ ವಾಂತಿಯಲ್ಲಿ ಮುಗಿಯುವುದಿಲ್ಲ. ನರಗಳನ್ನು ಹಿಡಿಯುತ್ತದೆ, ಉಸಿರಾಟವನ್ನೇ ನಿಲ್ಲಿಸಬಹುದು.

ಅಂಗಡಿಯಲ್ಲಿ ಸಿಗುವ ಬಿಸಿ ಮಾಡಿ ತಿನ್ನುವ ಪ್ಯಾಕೆಟ್ಟು ಹೇಗೆ ತಿಂಗಳುಗಟ್ಟಲೆ ಬರುತ್ತೆ ಹಾಗಾದರೆ ಅಂತ ಅವರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಅದು ಬೇರೆ ವಿದ್ಯೆ. ಆಹಾರವನ್ನು ಪ್ಯಾಕೆಟ್ಟಿಗೆ ತುಂಬಿ, ಮುಚ್ಚಿದ ಮೇಲೆ, ಒತ್ತಡದ ದೊಡ್ಡ ಯಂತ್ರದಲ್ಲಿ 121 ಡಿಗ್ರಿ ಆಸುಪಾಸಿನಲ್ಲಿ ಲೆಕ್ಕ ಹಾಕಿದಷ್ಟು ಹೊತ್ತು ಬೇಯಿಸುತ್ತಾರೆ. ಬೀಜಕಗಳು ಸಾಯುವುದು ಅಲ್ಲಿ. ಸೈನಿಕರಿಗಾಗಿ ಇಂಥ ಪ್ಯಾಕೆಟ್ಟುಗಳ ಮೇಲೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ತುಂಬಾ ಕೆಲಸ ಮಾಡಿದೆ. 1961ರಲ್ಲಿ ಶುರುವಾದ ಸಂಸ್ಥೆ ಅದು. ಮನೆಯ ಮೆಷಿನ್ ಬರೀ ಗಾಳಿ ಎಳೆಯುತ್ತದೆ. ಹೊರಗಿನಿಂದ ಎರಡೂ ಪ್ಯಾಕೆಟ್ಟು ಒಂದೇ ಥರ ಕಾಣುತ್ತವೆ, ಅದೇ ಫಜೀತಿ. ಅಂಗಡಿಯ ಪ್ಯಾಕೆಟ್ಟು ನಾಲ್ಕು ಜೊತೆಯಲ್ಲಿರಲಿ, ಮಳೆ ಬಂದು ಒಲೆ ಹಚ್ಚಲಾಗದಿದ್ದರೆ ಬೇಕಾಗುತ್ತವೆ. ಉಪ್ಪು ಜಾಸ್ತಿ ಇರುತ್ತದೆ, ಬಿಪಿ ಇದ್ದವರು ನೋಡಿಕೊಳ್ಳಲಿ. ಉಬ್ಬಿದ ಪ್ಯಾಕೆಟ್ಟನ್ನು ಬಿಚ್ಚಿ ಮೂಸುವುದೂ ಬೇಡ, ಎಸೆಯಿರಿ. ಮೆಷಿನ್ ಸುಮ್ನೆ ಕೂರುವುದೂ ಬೇಡ. ಹಿಂಡಿ, ಮಾದಲಿ, ಹುರಿದ ರವೆ, ರೊಟ್ಟಿ ಚೂರು, ಇಂಥ ಒಣ ಪದಾರ್ಥಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆ ತೇವದ ಊರಿನಲ್ಲಂತೂ ನಿಮಗೇ ಗೊತ್ತಾಗುತ್ತದೆ.

ತಂಗಿಯ ಫ್ರೀಜರ್ ಉಪಾಯ ಒಂದು ಊಟದ ಮಟ್ಟಿಗೆ ಸರಿ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಲ್ಲಿಸುತ್ತದೆ. ಕರಗಿದರೆ ಮತ್ತೆ ಶುರು. ಮಡಿಕೆಕಾಳು ಪಲ್ಯ, ತೊಗರಿಬೇಳೆ ಎರಡೂ ಚೆನ್ನಾಗಿ ಫ್ರೀಜ್ ಆಗುತ್ತವೆ. ಆಲೂಗಡ್ಡೆ ಹಾಕಬೇಡಿ, ಕರಗಿದ ಮೇಲೆ ಹಿಟ್ಟುಹಿಟ್ಟಾಗುತ್ತದೆ. ಆಹಾರಕ್ಕೆ ಅಂತಲೇ ಬರುವ ಗಟ್ಟಿ ಚೀಲದಲ್ಲಿ ಒಂದಿಂಚಿಗಿಂತ ದಪ್ಪ ಇರದ ಹಾಗೆ ಹರವಿ ಮಲಗಿಸಿಡಿ. ದೊಡ್ಡ ಡಬ್ಬಿ ತುಂಬಾ ಹಾಕಿದರೆ ನಡುವಿನ ಭಾಗ ಗಟ್ಟಿಯಾಗಲು ತುಂಬಾ ಹೊತ್ತು ಬೇಕು, ಅದರ ನಡುವೆ ಕರೆಂಟು ಹೋದರೆ ಮುಗಿಯಿತು. ಎರಡು ದಿನ ಮುಂಚೆಯೇ ಹಾಕಿ. ಐಸ್ ತುಂಡಿಗಿಂತ ನೀರು ತುಂಬಿ ಗಡ್ಡೆ ಕಟ್ಟಿಸಿದ ಎರಡು ಲೀಟರಿನ ಬಾಟಲಿಗಳು ನಿಧಾನ ಕರಗುತ್ತವೆ, ಆಮೇಲೆ ಕುಡಿಯಲೂ ಆಗುತ್ತದೆ. ಬಾಟಲಿ ಕಂಠದವರೆಗೆ ತುಂಬಬೇಡಿ, ಒಡೆಯುತ್ತದೆ. ಐಸ್ ಬಾಕ್ಸ್ ಕೆಡಿಸುವವರು ಮಕ್ಕಳು. ತಂಪು ನೀರು, ಜ್ಯೂಸ್ ಅಂತ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯುತ್ತಾರೆ. ಕುಡಿಯುವುದಕ್ಕೆ ಬೇರೆ ಬಾಕ್ಸ್ ಇಡಿ. ಫ್ರೀಜ್ ಮಾಡಿದ್ದನ್ನು ಮೊದಲ ರಾತ್ರಿಯೇ, ಹಬೆ ಏಳುವವರೆಗೆ ನಡುವೆಯೂ ಕುದಿಸಿ, ಮುಗಿಸಿ. ಎರಡನೇ ದಿನಕ್ಕೆ ಅದನ್ನು ನಂಬಬೇಡಿ.

ನಿಮ್ಮ ನಿಜವಾದ ಆಸೆ ಒಲೆ ಮುಂದೆ ನಿಲ್ಲಬಾರದು ಅನ್ನೋದು. ಅದಕ್ಕೆ ಒಣ ಮಿಶ್ರಣಗಳೇ ದಾರಿ, ಹತ್ತು ಹದಿನೈದು ನಿಮಿಷದ ಕೆಲಸ. ಉಪ್ಪಿಟ್ಟಿನದು ಹೇಳುತ್ತೇನೆ. ಬನ್ಸಿ ರವೆಯನ್ನು ಘಮ ಬರುವವರೆಗೆ ಹುರಿದು ಬದಿಗಿಡಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕಡಲೆಬೇಳೆ, ಉದ್ದಿನಬೇಳೆ ಹಾಕಿ ಕೆಂಪಾಗಿಸಿ. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿಟ್ಟಿರಬೇಕು. ಅದನ್ನು ಎಣ್ಣೆಗೆ ಹಾಕಿ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಚಟಪಟ ಅನ್ನುತ್ತಿದೆ ಅಂದರೆ ಎಲೆಯಲ್ಲಿ ಇನ್ನೂ ನೀರಿದೆ ಅಂತ ಅರ್ಥ. ಬೆರಳಲ್ಲಿ ಹಿಡಿದರೆ ಎಲೆ ಪುಡಿಯಾಗಬೇಕು. ಹಸಿಮೆಣಸಿನಕಾಯಿ ಬದಲು ಒಣ ಮೆಣಸಿನಕಾಯಿ ಚೂರು, ಉಳ್ಳಾಗಡ್ಡಿ ಬೇಡವೇ ಬೇಡ. ರವೆ, ಉಪ್ಪು ಹಾಕಿ ತಿರುವಿ, ಪೂರ್ತಿ ಆರಿದ ಮೇಲೆ ಪ್ಯಾಕ್ ಮಾಡಿ. ಅಲ್ಲಿ ಒಂದು ಅಳತೆಗೆ ಎರಡೂವರೆ ಅಳತೆ ಕುದಿಯುವ ನೀರು. ಉಳ್ಳಾಗಡ್ಡಿ ಬೇಕಾದವರು ಅಲ್ಲೇ ಹೆಚ್ಚಿ ಹಾಕಿಕೊಳ್ಳಲಿ.

ಜುಣಕವೂ ಹೀಗೇ. ಕಡಲೆಹಿಟ್ಟನ್ನು ಹಸಿ ವಾಸನೆ ಹೋಗುವವರೆಗೆ ಹುರಿದು ಖಾರ, ಉಪ್ಪು, ಜೀರಿಗೆ ಕಲಸಿ ಒಯ್ಯಿರಿ. ಖಡಕ್ ರೊಟ್ಟಿಗೆ ಬಿಸಿ ಜುಣಕ ಇದ್ದರೆ ಪಲ್ಯದ ಚಿಂತೆಯೇ ಇಲ್ಲ. ಸಂಜೆಗೆ ಚುರಮರಿ, ಹಚ್ಚಿದ ಅವಲಕ್ಕಿ ಸಾಕು. ಗಿರಮಿಟ್ಟಿನ ಹುಳಿ ಮಸಾಲೆಯನ್ನು ಮುಂಚೆ ಮಾಡಿ ಒಯ್ಯಬೇಕು ಅನಿಸಿದರೆ ಮೊದಲ ಸಂಜೆಗೆ ಮಾತ್ರ, ಉಳ್ಳಾಗಡ್ಡಿ ಬೇಯಿಸಿದ್ದು ಅದರಲ್ಲಿ ಇರುತ್ತಲ್ಲ.

ಹೀಗೆ ನೋಡಿದರೆ ನಿಮ್ಮ ಮೂರು ದಿನ ಸಲೀಸಾಗಿ ಕಳೆಯುತ್ತವೆ. ಮೊದಲ ದಿನ ದಾರಿಯಲ್ಲಿ ದಪಾಟಿ ಅಥವಾ ಮೊಸರನ್ನ. ರಾತ್ರಿಗೆ ಫ್ರೀಜ್ ಮಾಡಿದ ಕಾಳುಪಲ್ಯ, ರೊಟ್ಟಿ. ಎರಡನೇ ದಿನ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅಲ್ಲೇ ಮಾಡಿದ ಅನ್ನಕ್ಕೆ ಗೊಜ್ಜು, ರಾತ್ರಿ ರೊಟ್ಟಿ-ಜುಣಕ. ಮೂರನೇ ದಿನ ಬೆಳಗ್ಗೆ ಮಾದಲಿಗೆ ಬಿಸಿ ಹಾಲು. ಹಾಲಿಗೆ ಫ್ರಿಜ್ ಬೇಡದ ಟೆಟ್ರಾ ಪ್ಯಾಕ್ ತಗೊಳ್ಳಿ. ಸಣ್ಣವನ್ನೇ ತಗೊಳ್ಳಿ, ಒಡೆದದ್ದನ್ನು ಆಗಲೇ ಖಾಲಿ ಮಾಡಿ. ಮಾವನವರಿಗೆ ಮಾದಲಿ ಬೇಡ, ಅವರಿಗೆ ಉಪ್ಪಿಟ್ಟಿನ ಒಣ ಮಿಶ್ರಣ ಸ್ವಲ್ಪ ಉಳಿಸಿ, ಆಗಲೇ ಮಾಡಿಕೊಡಿ. ಅವರ ಮಟ್ಟಿಗೆ ಏನು ತಿಂದರು ಅನ್ನುವಷ್ಟೇ ಮುಖ್ಯ ಎಷ್ಟು ಹೊತ್ತಿಗೆ ತಿಂದರು ಅನ್ನೋದು. ಮಾತ್ರೆ ತಗೊಂಡು ಊಟ ತಡವಾದರೆ ಸಕ್ಕರೆ ಇಳಿಯಬಹುದು. ಅವರ ಜೇಬಿನಲ್ಲೇ ಒಂದೆರಡು ಶೇಂಗಾ ಉಂಡಿ ಇರಲಿ, ಜೊತೆಗೆ ನಾಲ್ಕು ಸಕ್ಕರೆ ತುಂಡು.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ ಒಬ್ಬರಿಗೆ 3-4 ಲೀಟರ್ ಲೆಕ್ಕ ಹಾಕಿ. ಹೊಳೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವ ನೀರು ಇದರಲ್ಲಿ ಸೇರಿಲ್ಲ, ಅದು ಬೇರೆ. ಮಣ್ಣು, ಜಿಡ್ಡು ಹತ್ತಿದ ಕೈಗೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ.

ಒಲೆಯನ್ನು ಆ ಜಮೀನಿನವರು ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಹಚ್ಚಬೇಡಿ. ಅಕ್ಕಪಕ್ಕವೆಲ್ಲ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಏಪ್ರಿಲ್‌ನಲ್ಲಿ ಉದುರಿದ ಎಲೆ ಒಂದು ಕಿಡಿಗೇ ಕಾಯುತ್ತಿರುತ್ತದೆ. ನಿಮ್ಮೂರ ಪಕ್ಕದ ಕಪ್ಪತಗುಡ್ಡಕ್ಕೂ ಇದೇ ಮಾತು, 2019ರಿಂದ ಅದೂ ವನ್ಯಜೀವಿ ಧಾಮ. ತಿಂಡಿ ಚೀಲವನ್ನು ಟೆಂಟಿನಲ್ಲಿ ಇಡದೆ ಕಾರಿನಲ್ಲಿಟ್ಟು ಬಾಗಿಲು ಹಾಕಿ. ಕಾರು ನೆರಳಲ್ಲಿರಲಿ. ಮಂಗಗಳು ಜಿಪ್ ತೆಗೆಯುವುದನ್ನು ಎಂದೋ ಕಲಿತಿವೆ.

ಇಷ್ಟಾದರೂ ಯಾರಿಗಾದರೂ ವಾಂತಿಯಾದರೆ ಓಆರ್‌ಎಸ್ ಪುಡಿ ಬೇಕು. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರು, ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್. ಮಕ್ಕಳಿಗೆ ಒಂದೊಂದೇ ಚಮಚ ಕೊಡುತ್ತಾ ಹೋಗಿ. ಲೋಟದ ತುಂಬಾ ಒಮ್ಮೆಲೇ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಮಗು ಮಂಕಾದರೆ, ಐದಾರು ತಾಸು ಮೂತ್ರ ಮಾಡದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಯಾರಿಗಾದರೂ ಕಣ್ಣು ಮಂಜಾಗಿ ರೆಪ್ಪೆ ಜೋತು ಬಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಮಾವನವರಿಗೆ ವಾಂತಿ ನಿಲ್ಲದಿದ್ದರೆ ಸಕ್ಕರೆ ಮಾತ್ರೆಯ ಬಗ್ಗೆ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಹೊರಡುವ ಮುಂಚೆಯೇ ಆ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ, ಆ ಕಾಡಿನ ದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ.

ಕೊನೆಗೆ ಮೊಟ್ಟೆ. ಬೇಯಿಸಿದ ಮೊಟ್ಟೆ ಗಟ್ಟಿ, ಬಾಳುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬೇಯಿಸಿದ್ದೇ ಬೇಗ ಕೆಡುವುದು. ಹಸಿ ಮೊಟ್ಟೆಯ ಚಿಪ್ಪಿನ ಮೇಲೆ ಒಂದು ತೆಳು ಪೊರೆ ಇರುತ್ತದೆ. ಕುದಿಸಿದಾಗ ಅದು ಹೋಗಿ ಚಿಪ್ಪಿನ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಆಮೇಲೆ ಅದಕ್ಕೂ ಅನ್ನಕ್ಕೆ ಹೇಳಿದ ಗಡಿಯಾರವೇ. ಹಸಿ ಮೊಟ್ಟೆಯನ್ನು ತೊಳೆಯದೆ, ಬಿರುಕಿಲ್ಲದ್ದನ್ನು ಆರಿಸಿ, ಟ್ರೇಯಲ್ಲೇ ಐಸ್ ಬಾಕ್ಸಿನಲ್ಲಿ ಒಯ್ದು ಅಲ್ಲಿ ಬೇಯಿಸಿ. ಹತ್ತು ಹನ್ನೆರಡು ನಿಮಿಷ, ಹಳದಿ ಗಟ್ಟಿಯಾಗುವವರೆಗೆ. ಮುಟ್ಟಿದ ಮೇಲೆ ಕೈ ತೊಳೆದು ರೊಟ್ಟಿ ಮುಟ್ಟಿ.